ಏಳನೆಯ ಅಂಶ

ಸಿಲ್ವಾಶ್‌ಕೂತ್, ಜನವರಿ ೧೭, ೧೯೩೨

ಶಾಲೆಗೆ ಟೈಪ್‌ರೈಟರ್ ಬಂದಿದೆ. ಕಪ್ಪಗೆ, ಹಲ್ಲು ಕಿರಿದುಕೊಂಡು, ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಕೂತಿದೆ. ಅದು ಬಂದ ಮೇಲೆ ನನ್ನ ಕೈಬರಹದ ಪಾಠ ವಾರಕ್ಕೆ ಐದರಿಂದ ಎರಡಕ್ಕೆ ಇಳಿಯಿತು. ಉಳಿದ ಹೊತ್ತು ಭೂಗೋಳ ಹೇಳಬೇಕಂತೆ. "ಕಾಲ ಬದಲಾಗಿದೆ ಹ್ರಬೋವ್ಸ್ಕಿ ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ" ಅಂದರು. ಛೆ, ಬೇಜಾರೇನಿಲ್ಲ ಎಂದು ಹೇಳಿ ಮನೆಗೆ ಬಂದು ಸಂಜೆಯವರೆಗೂ ಬೇಜಾರು ಮಾಡಿಕೊಂಡೆ.

ಭೂಗೋಳವೂ ಒಂದು ಶಿಕ್ಷೆಯೇ. ನಾನು ಹುಟ್ಟಿದ ಝೋಯೋಮ್ ಊರು ಈಗ ನಕ್ಷೆಯಲ್ಲಿ ಬೇರೆ ದೇಶದ ಬಣ್ಣದಲ್ಲಿದೆ. ಯುದ್ಧ ಸೋತ ಮರುವರ್ಷ ನಾನೂ ಹೆಂಡತಿ ಎತೆಲ್ಕಾಳೂ ಅಲ್ಲಿಂದ ಹೊರಟು ಬಂದು, ಈ ಊರಿನ ರೈಲು ನಿಲ್ದಾಣದಲ್ಲಿ ಹನ್ನೊಂದು ತಿಂಗಳು ಗೂಡ್ಸ್ ಬೋಗಿಯೊಳಗೆ ಸಂಸಾರ ಮಾಡಿದೆವು. ಆ ಚಳಿಗಾಲದಲ್ಲಿ ನಮ್ಮ ಬೋಗಿಗೆ ಕಬ್ಬಿಣದ ಒಲೆ ಹೊತ್ತು ತಂದವನು ಕಾಗದದಂಗಡಿಯ ಲೇದರೆರ್ ಮಿಕ್ಷಾ. ಅಂದಿನಿಂದ ಪ್ರತಿ ಭಾನುವಾರ ಇಬ್ಬರೂ ಚದುರಂಗ ಆಡುತ್ತೇವೆ. ಈ ದಿನಚರಿ ಪುಸ್ತಕವನ್ನೂ ಅವನೇ ಕಟ್ಟಿಕೊಟ್ಟ. "ಮನಸ್ಸಲ್ಲಿರೋದನ್ನೆಲ್ಲ ಇದರಲ್ಲಿ ಬರಿ ಕಣಯ್ಯ. ನನ್ನ ತಲೆ ತಿನ್ನೋದಾದ್ರೂ ಕಮ್ಮಿಯಾಗುತ್ತೆ" ಅಂದ.

ಬರೆಯುತ್ತಿದ್ದೇನೆ. ಅಕ್ಷರ ಚೆನ್ನಾಗಿ ಬಂದಿದೆ. ನೋಡುವವರು ಯಾರೂ ಇಲ್ಲ.

ಜನವರಿ ೨೮

ನಿವೃತ್ತ ಕ್ಯಾಪ್ಟನ್ ಕ್ನೆಬೆಲ್ ಅವರು ಬೀದಿಯಲ್ಲಿ ನನ್ನನ್ನು ತಡೆದು, "ನಿಮ್ಮಂಥ ಕೈ ಈ ದೇಶಕ್ಕೆ ಬೇಕಾಗಿದೆ" ಅಂದರು. ಹದಿಮೂರು ವರ್ಷದಲ್ಲಿ ಈ ದೇಶಕ್ಕೆ ನನ್ನದು ಏನಾದರೂ ಬೇಕಾಗಿದ್ದು ಇದೇ ಮೊದಲು.

ಹೋಟೆಲಿನ ಹಿಂದೆ ಮರದ ಚೆಂಡು ಉರುಳಿಸಿ ಒಂಬತ್ತು ಗೂಟ ಕೆಡಹುವ ಆಟದ ಪಡಸಾಲೆಯಿದೆ. ಅಲ್ಲಿ ಸಭೆ. ಒಟ್ಟು ಏಳು ಜನ. ಕ್ಯಾಪ್ಟನ್, ನಾನು, ಚಿಲ್ಲರೆ ಸಾಮಾನಿನ ಜೊತೆ ಈಚೆಗೆ ಕಾಗದವನ್ನೂ ಮಾರುತ್ತಿರುವ ಬುಗಾರ್ ದೆನೆಶ್, ಮತ್ತು ಗೂಟ ಕೆಡಹಲು ಬಂದಿದ್ದ ನಾಲ್ವರು. ಕ್ಯಾಪ್ಟನ್ ವೈನ್ ತರಿಸಿದ್ದರಿಂದ ಆ ನಾಲ್ವರೂ ದೇಶಕ್ಕಾಗಿ ಉಳಿದರು. "ನೋಡಿ, ನಮ್ಮ ಹಿರಿಯರನ್ನ ಈ ನೆಲಕ್ಕೆ ಕರ್ಕೊಂಡು ಬಂದ ನಾಯಕರೂ ಏಳು ಜನ. ನಾವೂ ಏಳು. ಇದು ಕಾಕತಾಳೀಯವೇನ್ರೀ?" ಎಂದು ಕ್ಯಾಪ್ಟನ್ ಕೇಳಿದರು. ನನಗೆ ಮೈ ಜುಮ್ಮೆಂದಿತು.

ಪಕ್ಷದ ಹೆಸರು: ಏಳು ನಾಯಕರ ಮಗ್ಯಾರ್ ಪುನರುತ್ಥಾನ ಪಕ್ಷ. ಮಗ್ಯಾರ್ ಎಂದರೆ ಈ ದೇಶದ ಮೂಲ ಜನ, ನಮ್ಮ ಹಿರಿಯರ ಹೆಸರು. ಬಲಗೈ ಮೇಲೆತ್ತಿ ವಂದಿಸಬೇಕು. ಪಡಸಾಲೆಯ ಸೂರು ತಗ್ಗು, ಆದ್ದರಿಂದ ಸದ್ಯಕ್ಕೆ ಮೊಣಕೈ ಮಡಚಿ ವಂದಿಸುತ್ತೇವೆ.

ಎತೆಲ್ಕಾ ಕೇಳಿ ನಕ್ಕಳು. "ಕ್ನೆಬೆಲ್ ಅಂತೆ, ಹ್ರಬೋವ್ಸ್ಕಿ ಅಂತೆ. ಒಬ್ಬರ ತಾತ ಜರ್ಮನ್, ಇನ್ನೊಬ್ಬರ ತಾತ ಸ್ಲೋವಾಕ್. ಮಗ್ಯಾರರನ್ನ ಎಬ್ಬಿಸೋಕೆ ಮಗ್ಯಾರರೇ ಸಿಗಲಿಲ್ಲವೇನ್ರೀ ನಿಮಗೆ?"

ಹೆಂಗಸರಿಗೆ ಇತಿಹಾಸ ಅರ್ಥವಾಗುವುದು ಕಷ್ಟ.

ಫೆಬ್ರವರಿ ೭

ಪಕ್ಷದ ನಂಬಿಕೆಗಳನ್ನು ಏಳು ಅಂಶಗಳಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಚರ್ಚೆ ಬಿಸಿಯಾಗಿತ್ತು.

ಮೊದಲನೆಯದು, ಕಳೆದುಹೋದ ನೆಲವೆಲ್ಲ ವಾಪಸು ಬರಬೇಕು. ಇದಕ್ಕೆ ಯಾರೂ ಚರ್ಚೆ ಮಾಡಲಿಲ್ಲ. ನನಗೆ ಝೋಯೋಮ್‌ನ ಮನೆಯ ಹಿತ್ತಲಿನ ಬಾವಿ ನೆನಪಾಗಿ ಕಣ್ಣು ತುಂಬಿತು. ಎಲ್ಲರೂ ನನ್ನ ಬೆನ್ನು ತಟ್ಟಿದರು. ಅಷ್ಟು ಜನ ಒಟ್ಟಿಗೆ ನನ್ನ ಬೆನ್ನು ತಟ್ಟಿದ್ದು ಎಂದೂ ಇಲ್ಲ.

ಎರಡನೆಯದು, ತುರ್ಕರು, ಮಂಗೋಲರು, ಜಪಾನಿಯರು, ಹಿಮಾಲಯದ ತಪ್ಪಲಿನವರು, ಎಲ್ಲರೂ ನಮ್ಮ ರಕ್ತಸಂಬಂಧಿಗಳು. ಮೂರನೆಯದು, ಪರಭಾಷೆಯ ಪದಗಳನ್ನು ಬಿಡಬೇಕು. ನಮ್ಮಲ್ಲಿ ಪಕ್ಷ ಎನ್ನಲು ಬಳಸುವ ಪದವೇ ಲ್ಯಾಟಿನ್‌ನಿಂದ ಬಂದದ್ದು ಎಂದು ನಾನು ತಿಳಿಸಿದೆ. ಅದನ್ನು ಗೆದ್ದ ಮೇಲೆ ಬಿಡೋಣ ಎಂದಾಯಿತು. ನಾಲ್ಕನೆಯದು, ನಾಯಕರ ಮಾತೇ ಕೊನೆ, ಮತದಾನ ಇರಕೂಡದು. ಇದನ್ನು ಮತಕ್ಕೆ ಹಾಕಿದಾಗ ಮೂವರು ಬೇಡ ಅಂದರು. ಅವರು ಪ್ರಶ್ನೆಯನ್ನು ತಪ್ಪಾಗಿ ಕೇಳಿಸಿಕೊಂಡಿದ್ದಾರೆ ಎಂದು ಕ್ಯಾಪ್ಟನ್ ತೀರ್ಪು ಕೊಟ್ಟರು. ಐದನೆಯದು, ದೊಡ್ಡ ಜಮೀನುಗಳನ್ನು ರೈತರಿಗೆ ಹಂಚಬೇಕು, ನಮ್ಮೂರಿನ ಜಮೀನ್ದಾರ ಬ್ಯಾರನ್ನರ ಜಮೀನು ಬಿಟ್ಟು. ಬಾವುಟದ ಬಟ್ಟೆ ಕೊಟ್ಟವರು ಬ್ಯಾರನ್ನರೇ. ಆರನೆಯದು, ಪೂರ್ವಿಕರಂತೆ ಕುದುರೆಯ ಹಾಲು ಕುಡಿಯಬೇಕು.

ಏಳನೆಯದು ಯಾರಿಗೂ ಹೊಳೆಯಲಿಲ್ಲ. ಜಾಗ ಬಿಟ್ಟಿದ್ದೇನೆ.

ಮನೆಯಲ್ಲಿ ಓದಿ ಹೇಳಿದೆ. "ಜಪಾನಿನವರೆಗೂ ನೆಂಟರಾದ್ರು. ಎದುರು ಮನೆಯವರು?" ಎಂದಳು ಎತೆಲ್ಕಾ. ಈ ಪ್ರಶ್ನೆಗೆ ಅರ್ಥವಿಲ್ಲ.

ಫೆಬ್ರವರಿ ೧೦

ಕುದುರೆಯ ಹಾಲು ಕುಡಿದೆವು. ಮೂರು ದಿನದಿಂದ ಶಾಲೆಗೆ ಹೋಗಿಲ್ಲ.

ಫೆಬ್ರವರಿ ೨೮

ಲಾಂಛನ ಮುಗಿಯಿತು. ನಮ್ಮ ಹಿರಿಯರಿಗೆ ದಾರಿ ತೋರಿದ ಆ ಪವಿತ್ರ ಜಿಂಕೆಯ ಕೊಂಬು. ನಡುವೆ ನೆಟ್ಟಗೆ ಒಂದು ಕವಲು, ಎಡಕ್ಕೆ ಮೂರು, ಬಲಕ್ಕೆ ಮೂರು, ಎಲ್ಲ ಬಾಗಿ ಮೇಲೆದ್ದು ಒಂದೇ ಎತ್ತರಕ್ಕೆ ನಿಲ್ಲುತ್ತವೆ. ಬುಡದಲ್ಲಿ ಪೀಠ. ಹಸಿರು ಬಾವುಟದ ಮೇಲೆ ಚಿನ್ನದ ಬಣ್ಣ. ಜೀವನದಲ್ಲಿ ಇಷ್ಟು ಚೆಂದದ ಗೆರೆ ನಾನು ಎಳೆದಿಲ್ಲ. ಕ್ಯಾಪ್ಟನ್ ಬಹಳ ಹೊತ್ತು ನೋಡಿ, "ಇದನ್ನ ನೋಡಿದ್ರೆ ಏನೋ ಪುರಾತನವಾದ್ದು ನೆನಪಾಗುತ್ತೆ ಕಣ್ರೀ" ಅಂದರು.

ಮಾರ್ಚ್ ೪

ಚಿನ್ನದ ಶಾಯಿ ತರಲು ಎತೆಲ್ಕಾಳ ಜೊತೆ ಮಿಕ್ಷಾನ ಅಂಗಡಿಗೆ ಹೋಗಿದ್ದೆ. ಹೆಮ್ಮೆಯಿಂದ ಚಿತ್ರ ಬಿಡಿಸಿ ತೋರಿಸಿದೆ. ಅವನು ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ.

"ಗೆರೆ ಚೆನ್ನಾಗಿದೆ ಔರೇಲ್. ಆದ್ರೆ ಇದು ನಮ್ಮಮ್ಮನ ಬೀರು ಮೇಲಿದೆಯಲ್ಲೋ."

"ಏನಿದೆ?"

"ಇದೇ ಕಣಯ್ಯ. ನಮ್ಮ ಯಹೂದಿಗಳ ಏಳು ಕೊಂಬೆಯ ದೀಪಸ್ತಂಭ. ನಮ್ಮ ಪ್ರಾರ್ಥನಾಮಂದಿರದ ಬಾಗಿಲ ಮೇಲೂ ಕೆತ್ತಿದೆ, ದಿನಾ ಅದರ ಮುಂದೇ ಶಾಲೆಗೆ ಹೋಗ್ತೀಯ. ನಿಮ್ಮ ಕ್ಯಾಪ್ಟನ್‌ಗೆ ಹೇಳಿ ಬದಲಾಯಿಸ್ಕೋ. ಊರೆಲ್ಲ ನಗುತ್ತೆ, ಆಮೇಲೆ ಆ ಸಿಟ್ಟು ನಮ್ಮ ಮೇಲೇ ಬರುತ್ತೆ."

ಎತೆಲ್ಕಾ ಕೌಂಟರಿಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಿಕ್ಷಾ ನಗಲಿಲ್ಲ. ಹಾಗೆ ನಗದೆ ನಿಂತದ್ದು ನನಗೆ ಇನ್ನೂ ಕಷ್ಟವಾಯಿತು.

ಮಾರ್ಚ್ ೧೨

ಕ್ಯಾಪ್ಟನ್‌ಗೆ ಹೇಳಲೆಂದೇ ಹೋಗಿದ್ದೆ. ಬುಗಾರನ ತಂಗಿ ಬಾವುಟ ಹೊಲಿದು ತಂದಿದ್ದಳು. ಕವಲುಗಳ ತುದಿಗೆ ಒಂದೊಂದು ಹಳದಿ ಚುಕ್ಕೆಯನ್ನು ತಾನೇ ಸೇರಿಸಿದ್ದಳು, ಅಂದವಾಗಿರಲಿ ಎಂದು. ಕ್ಯಾಪ್ಟನ್ ನನ್ನನ್ನು ಎಲ್ಲರ ಎದುರು ಅಪ್ಪಿಕೊಂಡು "ಪಕ್ಷದ ಲೇಖನಿ" ಎಂದು ಕರೆದರು. ಹೇಳಲಿಲ್ಲ.

ಮಾರ್ಚ್ ೧೫

ರಾಷ್ಟ್ರೀಯ ಹಬ್ಬದ ಮೆರವಣಿಗೆ. ಅಗ್ನಿಶಾಮಕದವರ ಬ್ಯಾಂಡು ಮುಂದೆ, ಹಸಿರು ಅಂಗಿಯ ನಾವು ಹಿಂದೆ. ಸಣ್ಣಗೆ ಮಳೆ ಬಂದು ಅಂಗಿಯ ಬಣ್ಣ ಕುತ್ತಿಗೆಗೆ ಇಳಿಯಿತು. ಆದರೂ ಚರ್ಚಿನವರೆಗೆ ಎಲ್ಲ ಗಂಭೀರವಾಗಿಯೇ ಇತ್ತು.

ಮಿಕ್ಷಾನ ತಾಯಿಗೆ ಎಂಬತ್ತನಾಲ್ಕು ವರ್ಷ, ಕಣ್ಣು ಮಂಜು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಆ ಮುದುಕಿ ನಮ್ಮ ಬಾವುಟ ನೋಡಿ ಎದ್ದು ನಿಂತಳು. ಕೈ ಜೋಡಿಸಿ ಏನೋ ಮಂತ್ರ ಹೇಳಿದಳು. "ನೋಡ್ರೋ, ಕೊನೆಗಾಲದಲ್ಲಾದ್ರೂ ಈ ಊರು ನಮಗೆ ಮರ್ಯಾದೆ ಕೊಡ್ತು" ಎಂದು ಗಟ್ಟಿಯಾಗಿ ಅಳುತ್ತ, ಮೊಮ್ಮಗಳು ವಿಲ್ಮಾಳ ಕೈಯಲ್ಲಿ ಜೇನಿನ ಕೇಕು ಕಳಿಸಿದಳು. ಕ್ಯಾಪ್ಟನ್ ಅದನ್ನು ಜನತೆಯ ಕಾಣಿಕೆ ಎಂದು ತಿಳಿದು ತಿಂದರು. ಅರ್ಧ ತಿಂದಾದ ಮೇಲೆ ಯಾರೋ ಅವರ ಕಿವಿಯಲ್ಲಿ ಹೇಳಿದರು.

ಬ್ಯಾಂಡಿನವನೊಬ್ಬ ನಗು ತಡೆಯಲಾರದೆ ಕಹಳೆಯೊಳಗೇ ನಕ್ಕ. ಆ ಶಬ್ದ ಊರಿಗೆಲ್ಲ ಕೇಳಿಸಿತು. ಆಮೇಲೆ ಊರೇ ನಕ್ಕಿತು.

ಮಾರ್ಚ್ ೧೬

ಸಭೆ. ಕ್ಯಾಪ್ಟನ್ ಕುಂಟುತ್ತ ಅತ್ತಿತ್ತ ಓಡಾಡುತ್ತಿದ್ದರು. ಯುದ್ಧದಲ್ಲಿ ಅವರು ಉಗ್ರಾಣದ ಅಧಿಕಾರಿ, ಪ್ಲಮ್ ಜಾಮಿನ ಪೆಟ್ಟಿಗೆ ಕಾಲಿನ ಮೇಲೆ ಬಿದ್ದಿತ್ತು. ಸಿಟ್ಟು ಬಂದಾಗ ಆ ಗಾಯ ನೋಯುತ್ತದೆ.

"ಇದನ್ನ ಬರೆದವರು ಯಾರು?"

ಎಲ್ಲರೂ ನನ್ನತ್ತ ನೋಡಿದರು. ಆ ಆರು ಜೊತೆ ಕಣ್ಣು. ತಿಂಗಳ ಹಿಂದೆ ನನ್ನ ಬೆನ್ನು ತಟ್ಟಿದವರೇ.

"ನಾನು ಲೇದರೆರ್‌ಗೆ ತೋರಿಸಿದ್ದೆ. ಚೆನ್ನಾಗಿದೆ, ಹೀಗೇ ಇರಲಿ ಅಂದ" ಎಂದೆ.

ಕ್ಯಾಪ್ಟನ್ ನಿಧಾನವಾಗಿ ಕೂತರು. ಅವರ ಮುಖದಲ್ಲಿ ಸಿಟ್ಟು ಹೋಗಿ ಒಂದು ಬಗೆಯ ನೆಮ್ಮದಿ ಬಂದಿತ್ತು. "ಹಾಗೆ ಹೇಳಿ ಮತ್ತೆ" ಅಂದರು. "ನಮ್ಮ ಮೇಲೆ ಸಂಚು ನಡೀತಿದೆ ಅಂದ್ರೆ ನಾವು ಬೆಳೀತಿದ್ದೀವಿ ಅಂತ ಅರ್ಥ."

ನಾನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಗೆರೆ ಚೆನ್ನಾಗಿದೆ ಎಂದು ಅವನು ಅಂದದ್ದು ನಿಜ.

ಮಾರ್ಚ್ ೨೦

ಏಳನೆಯ ಅಂಶ ಸಿಕ್ಕಿತು. ಬುಗಾರ್ ಒಂದು ಚೀಟಿಯಲ್ಲಿ "ಯಹೂದಿಗಳನ್ನು ಓಡಿಸಬೇಕು, ಮೊದಲು ಕಾಗದದಂಗಡಿಯವರನ್ನು" ಎಂದು ಗೀಚಿ ತಂದಿದ್ದ. ನನಗೆ ಬಹಳ ಕಸಿವಿಸಿಯಾಯಿತು. ಎಂಥ ಒರಟು ವಾಕ್ಯ, ಲಯವೇ ಇಲ್ಲ. ಮನೆಗೆ ತಂದು ಮಧ್ಯಾಹ್ನವೆಲ್ಲ ಕೂತು ತಿದ್ದಿದೆ:

"ನಮ್ಮ ರೊಟ್ಟಿ ತಿಂದೂ ನಮ್ಮವರಾಗದ ಪರಕೀಯರಿಗೆ ನಮ್ಮ ಬೀದಿಯಲ್ಲಿ ಅಂಗಡಿಯಿಲ್ಲ, ನಮ್ಮ ಶಾಲೆಯಲ್ಲಿ ಬೆಂಚಿಲ್ಲ, ನಮ್ಮ ನೆಲದಲ್ಲಿ ನಾಳೆಯಿಲ್ಲ."

ಮೂರು ಸಲ 'ಇಲ್ಲ' ಬರುವುದು ಕಿವಿಗೆ ಹಿತವಾಗಿದೆ. ಕ್ಯಾಪ್ಟನ್ ಓದಿ ಎದ್ದು ನಿಂತರು. ಇದು ಬರೀ ಭಾಷೆಯ ಕೆಲಸ. ನನಗೆ ಯಾರ ಮೇಲೂ ದ್ವೇಷವಿಲ್ಲ.

ಏಪ್ರಿಲ್ ೩

ಇಂದು ಭಾನುವಾರ. ಚದುರಂಗಕ್ಕೆ ಹೋಗಲಿಲ್ಲ. ತಲೆನೋವು.

ಏಪ್ರಿಲ್ ೧೦

ತಲೆನೋವು.

ಮೇ ೨೨

ಸುದ್ದಿಯ ಮೇಲೆ ಸುದ್ದಿ. ಪಕ್ಷದಲ್ಲಿ ಈಗ ನೂರ ಐವತ್ತು ಜನ. ಮೊದಲ ಆರು ಅಂಶ ಯಾರಿಗೂ ಬಾಯಿಗೆ ಬರುವುದಿಲ್ಲ, ಏಳನೆಯದು ಎಲ್ಲರಿಗೂ ಬರುತ್ತದೆ. ಹೋಟೆಲಿನಲ್ಲಿ ಗಾಡಿಯವರೂ ಅದನ್ನು ಹೇಳುತ್ತ ಗ್ಲಾಸು ಕುಟ್ಟುತ್ತಾರೆ. ನನ್ನ ವಾಕ್ಯ.

ಹೆಸರು ಬದಲಾಯಿಸಲು ಅರ್ಜಿ ಹಾಕಿದ್ದೆ. ಆರ್ಪಾದ್‌ಫಿ ಎಂದು ಕೇಳಿದ್ದೆ, ಆ ಏಳು ನಾಯಕರಲ್ಲಿ ಮೊದಲಿಗನಾದ ಆರ್ಪಾದನ ಕುಲದವನು ಎಂಬ ಅರ್ಥ. ರಾಜಧಾನಿಯ ಕಚೇರಿಯಿಂದ ಸಿಲ್ವಾಶಿ ಎಂದು ಮಂಜೂರಾಗಿ ಬಂದಿದೆ. ಪ್ಲಮ್ ಹಣ್ಣಿನ ಊರಿನವನು ಎಂದರ್ಥ. ಪರವಾಗಿಲ್ಲ, ಶುದ್ಧ ಮಗ್ಯಾರ್ ಪದ. ಎತೆಲ್ಕಾ, "ಪ್ಲಮ್ಮಯ್ಯನವರೇ, ಊಟಕ್ಕೆ ಬನ್ನಿ" ಎಂದು ಕರೆದಳು. ಈಚೆಗೆ ಅವಳು ಹಾಸ್ಯ ಮಾಡುವಾಗ ನಗುವುದಿಲ್ಲ.

ಜೂನ್ ೧೯

ಬ್ಯಾರನ್ನರ ಶಿಫಾರಸಿನಿಂದ ಕ್ಯಾಪ್ಟನ್ ಶಾಲಾ ಮಂಡಳಿಯ ಅಧ್ಯಕ್ಷರಾದರು. ಮೊದಲ ವಾರದಲ್ಲೇ ಶಾಲೆಗೆ ನೋಟುಪುಸ್ತಕ ಒದಗಿಸುವ ಕೆಲಸ ಲೇದರೆರ್‌ನಿಂದ ಬುಗಾರ್‌ಗೆ ಹೋಯಿತು. ಎರಡನೆಯ ವಾರ ಟೈಪ್‌ರೈಟರ್ ಉಗ್ರಾಣಕ್ಕೆ ಹೋಯಿತು. ಕೈಬರಹದ ಪಾಠ ಮತ್ತೆ ವಾರಕ್ಕೆ ಐದು. ನ್ಯಾಯ ಎಂಬುದು ಇದೆ.

ಸಂಜೆ ಲೇದರೆರ್ ಮನೆಗೆ ಬಂದಿದ್ದ. ಅಂಗಡಿಯ ಕಿಟಕಿ ಗಾಜು ಯಾರೋ ಒಡೆದಿದ್ದಾರಂತೆ, ಅಂಗೈಗೆ ಪಟ್ಟಿ ಕಟ್ಟಿಕೊಂಡಿದ್ದ.

"ಔರೇಲ್, ನಾನೇನೋ ನಿನ್ನ ದಾರಿ ತಪ್ಪಿಸಿದೆ ಅಂತ ಊರಲ್ಲೆಲ್ಲ ಮಾತು. ನಾನು ಏನಂದೆ ಅನ್ನೋದು ನಿಂಗೆ ಗೊತ್ತು. ಅಷ್ಟನ್ನೇ ಹೇಳು. ಕ್ಯಾಪ್ಟನ್ ಹತ್ರ ಬೇಡ, ಹೋಟೆಲಲ್ಲಿ ಯಾರ ಹತ್ರ ಆದ್ರೂ ಹೇಳು, ಸಾಕು."

"ಏನಂದಿರಿ ಅನ್ನೋದು ನನಗೆ ಸರಿಯಾಗಿ ನೆನಪಿಲ್ಲ. ನೀವು ಚೆನ್ನಾಗಿದೆ ಅಂದಿದ್ರಿ" ಎಂದೆ.

ಅವನು ಎದ್ದು ನಿಂತು, "ನೀವು ಅಂತೀಯೇನೋ ನನ್ನನ್ನ?" ಅಂದ.

ಮರ್ಯಾದೆ ಕೊಟ್ಟರೂ ತಪ್ಪು ಕಂಡರೆ ಏನು ಮಾಡುವುದು. ಅವನು ಹೋಗುವಾಗ ಟೋಪಿ ಮರೆತು ಹೋದ. ಎತೆಲ್ಕಾ ಅದನ್ನು ಹಿಡಿದುಕೊಂಡು ಅವನ ಹಿಂದೆ ಓಡಿದಳು. ಹಿಂತಿರುಗಲು ಬಹಳ ಹೊತ್ತು ಮಾಡಿದಳು.

ಜುಲೈ ೪

ಹಳೆಯದೆಲ್ಲ ಯೋಚಿಸುತ್ತಿದ್ದೆ. ಬೋಗಿಯಲ್ಲಿದ್ದಾಗ ಆ ಮನುಷ್ಯ ಕೊಟ್ಟ ಒಲೆ ವಿಪರೀತ ಹೊಗೆ ಕಾರುತ್ತಿತ್ತು. ನನ್ನ ಕೆಮ್ಮು ಶುರುವಾದದ್ದು ಆಗಲೇ ಇರಬೇಕು. ಕ್ಯಾಪ್ಟನ್‌ಗೆ ಹೇಳಿದೆ. "ಯೋಜನೆ ಹಾಕಿಯೇ ಕೊಟ್ಟಿರ್ತಾರೆ" ಅಂದರು.

ಸೆಪ್ಟೆಂಬರ್ ೧೧

ಇದನ್ನು ಬರೆಯಬಾರದೆಂದು ಎರಡು ದಿನ ಬಿಟ್ಟಿದ್ದೆ.

ಶುಕ್ರವಾರದ ಸಾರ್ವಜನಿಕ ಸಭೆಯಲ್ಲಿ ಕ್ಯಾಪ್ಟನ್, ಬಾವುಟದ ಸಂಚನ್ನು ವಿವರಿಸುತ್ತಿದ್ದರು. ಈಗಿನ ರೂಪದಲ್ಲಿ ಅದು ಬಹಳ ಸ್ಪಷ್ಟವಾಗಿದೆ: ಲೇದರೆರ್ ನನಗೆ ಮೂರು ವಾರ ದುಂಬಾಲು ಬಿದ್ದು, ಕೈ ಹಿಡಿದು ಆ ಚಿತ್ರ ಬರೆಸಿದ. ಆಗ ಹಿಂದಿನ ಸಾಲಿನಿಂದ ಎತೆಲ್ಕಾ ಎದ್ದಳು. ಭಾನುವಾರದ ನೀಲಿ ಉಡುಪು ತೊಟ್ಟುಕೊಂಡು ಬಂದಿದ್ದಳು.

"ಕ್ಯಾಪ್ಟನ್ ಸಾಹೇಬ್ರೇ, ಅವತ್ತು ಅಂಗಡಿಯಲ್ಲಿ ನಾನೂ ಇದ್ದೆ. ಇದು ನಮ್ಮ ದೀಪಸ್ತಂಭ, ಬದಲಾಯಿಸ್ಕೊಳ್ಳಿ ಅಂತ ಮಿಕ್ಷಾ ಅವರು ಬಾಯಿ ಬಿಟ್ಟು ಹೇಳಿದ್ರು. ನಮ್ಮ ಯಜಮಾನ್ರು ನಿಮಗೆ ಹೇಳೋಕೆ ಹೆದರಿಕೊಂಡ್ರು. ಇಷ್ಟೇ ಸಂಚು."

ಕ್ಯಾಪ್ಟನ್ ನನ್ನನ್ನು ನೋಡಿದರು. "ಸಿಲ್ವಾಶಿಯವರೇ, ಇದು ನಿಜವೇನ್ರೀ?"

"ಅವಳಿಗೆ ಈಚೆಗೆ ಆರೋಗ್ಯ ಸರಿಯಿಲ್ಲ" ಎಂದೆ.

ಸಭೆ ನಿಟ್ಟುಸಿರು ಬಿಟ್ಟಿತು. ಇಬ್ಬರು ಹಸಿರಂಗಿಯವರು ಅವಳನ್ನು ತೋಳು ಹಿಡಿದು ಹೊರಗೆ ಬಿಟ್ಟು ಬಂದರು, ತುಂಬಾ ಗೌರವದಿಂದಲೇ. ಬಾಗಿಲಲ್ಲಿ ಅವಳು ತಿರುಗಿ ನನ್ನನ್ನು ಒಂದೇ ಸಲ ನೋಡಿದಳು. ಸಿಟ್ಟಿರಲಿಲ್ಲ. ಬೀದಿಯಲ್ಲಿ ಯಾರನ್ನೋ ಪರಿಚಯದವರೆಂದು ತಿಳಿದು, ಹತ್ತಿರ ಹೋಗಿ, ಅಲ್ಲವೆಂದು ಗೊತ್ತಾದಾಗ ನೋಡುತ್ತಾರಲ್ಲ, ಹಾಗೆ.

ಸೆಪ್ಟೆಂಬರ್ ೧೪

ಎತೆಲ್ಕಾ ತನ್ನ ಹೊಲಿಗೆ ಯಂತ್ರ ಕೈಗಾಡಿಗೆ ಹಾಕಿಕೊಂಡು ಹೋಗಿ ಲೇದರೆರ್‌ನ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದಾಳೆ. ಮುದುಕಿ ಹಾಸಿಗೆ ಹಿಡಿದಿದ್ದಾಳಂತೆ, ನೋಡಿಕೊಳ್ಳಲು ಯಾರೂ ಇಲ್ಲವಂತೆ. ಕೆಲಸದವರೆಲ್ಲ ಬಿಟ್ಟ ಮೇಲೆ ಕೌಂಟರಿನಲ್ಲೂ ಇವಳೇ ನಿಲ್ಲುತ್ತಾಳೆ. ಅಲ್ಲಿಗೆ ಹೋಗುವವರ ಹೆಸರು ಬರೆದುಕೊಳ್ಳುವ ಕೆಲಸ ಪಕ್ಷದಲ್ಲಿ ನನ್ನದೇ. ದಿನಕ್ಕೆ ಒಂದೋ ಎರಡೋ ಹೆಸರು. ಮೊದಲ ಸಾಲಿನಲ್ಲಿ ಅವಳದ್ದನ್ನೇ ಬರೆಯಬೇಕಾಯಿತು. ಸಿಲ್ವಾಶಿ ಎಂದು ಬರೆಯಲೋ, ಹ್ರಬೋವ್ಸ್ಕಿ ಎಂದು ಬರೆಯಲೋ ಎಂದು ಬಹಳ ಯೋಚಿಸಿ ಎರಡನೆಯದನ್ನೇ ಬರೆದೆ.

ಅಕ್ಟೋಬರ್ ೨

ಹೋಟೆಲಿನ ಊಟ. ಗುಲಾಶ್‌ನಲ್ಲಿ ಉಪ್ಪು ಹೆಚ್ಚು.

ಅಕ್ಟೋಬರ್ ೨೩

ಹೋಟೆಲಿನ ಊಟ.

ನವೆಂಬರ್ ೨೧

ಈ ವರ್ಷದ ಅತ್ಯುತ್ತಮ ದಿನ. ವಿವರವಾಗಿ ಬರೆಯುತ್ತೇನೆ.

ಶಾಲಾ ಮಂಡಳಿಯ ಆದೇಶದಂತೆ ಕೈಬರಹದ ಸ್ಪರ್ಧೆ ನಡೆಯಿತು. ಮಕ್ಕಳಿಗೆ ನಕಲು ಮಾಡಲು ಕೊಟ್ಟದ್ದು ಏಳನೆಯ ಅಂಶ. ನಾನು ಹಲಗೆಯ ಮೇಲೆ ದೊಡ್ಡದಾಗಿ ಬರೆದೆ. ನಲವತ್ತು ಲೇಖನಿಗಳು ಒಟ್ಟಿಗೆ ಕಾಗದದ ಮೇಲೆ ಹರಿಯುವ ಸದ್ದು, ಅದೂ ನನ್ನದೇ ವಾಕ್ಯಕ್ಕೆ. ಇದಕ್ಕಿಂತ ಹೆಚ್ಚು ಒಬ್ಬ ಮೇಷ್ಟ್ರು ಏನು ಕೇಳಿಯಾನು.

ಮೂರನೆಯ ಬೆಂಚಿನಿಂದ ಲೇದರೆರ್‌ನ ಮಗಳು ವಿಲ್ಮಾ ಕೈ ಎತ್ತಿದಳು. ಹನ್ನೆರಡು ವರ್ಷದ ಹುಡುಗಿ. ಪಕ್ಕದಲ್ಲಿ ಯಾರೂ ಕೂರದ ಕಾರಣ ಬೆಂಚು ಪೂರ್ತಿ ಅವಳದೇ.

"ಮೇಷ್ಟ್ರೇ, ಒಂದು ಸಂದೇಹ."

"ಏನಮ್ಮ?"

"'ಪರಕೀಯರು' ಅನ್ನೋದನ್ನ ದೊಡ್ಡಕ್ಷರದಿಂದ ಶುರು ಮಾಡಬೇಕಾ, ಸಣ್ಣಕ್ಷರದಿಂದಾ? ಜನಾಂಗದ ಹೆಸರಾದ್ರೆ ಸಣ್ಣದು, ಊರಿನ ಹೆಸರಾದ್ರೆ ದೊಡ್ಡದು ಅಂತ ಹೇಳಿಕೊಟ್ಟಿದ್ರಿ. ಇದು ಯಾವುದು ಅಂತ ಗೊತ್ತಾಗಲಿಲ್ಲ."

ಒಳ್ಳೆಯ ಪ್ರಶ್ನೆ. ತರಗತಿಯಲ್ಲಿ ಇನ್ನಾರಿಗೂ ಹೊಳೆದಿರಲಿಲ್ಲ. "ಸಣ್ಣದು" ಎಂದೆ. ಅವಳು ತಲೆಯಾಡಿಸಿ ಕೂತು ಬರೆದಳು.

ಹಾಳೆಗಳನ್ನು ಸ್ಟಾಫ್ ರೂಮಿಗೆ ತಂದು ನೋಡಿದೆ. ಬುಗಾರನ ಕಾಗದ ಶಾಯಿ ಹೀರುತ್ತದೆ, ಮೂವತ್ತೊಂಬತ್ತು ಹಾಳೆಗಳಲ್ಲಿ ಅಕ್ಷರಗಳು ಕಂಬಳಿಹುಳದಂತೆ ಊದಿಕೊಂಡಿದ್ದವು. ವಿಲ್ಮಾ ಮಾತ್ರ ಮನೆಯಿಂದ ಕಾಗದ ತಂದಿದ್ದಳು. ಮೇಲೇರುವ ಗೆರೆ ಕೂದಲೆಳೆಯಷ್ಟು ಸಣ್ಣ, ಇಳಿಯುವ ಗೆರೆ ತುಂಬು, ಮೂರೂ 'ಇಲ್ಲ'ಗಳು ಒಂದೇ ಅಚ್ಚಿನಿಂದ ಬಂದಂತೆ. ಭೂತಗನ್ನಡಿ ಹಿಡಿದು ಅರ್ಧ ಗಂಟೆ ತಪ್ಪು ಹುಡುಕಿದೆ. ಎರಡನೆಯ ದರ್ಜೆ ಕೊಟ್ಟೆ.

ಮಧ್ಯಾಹ್ನ ಅವಳು ಮೇಜಿನ ಹತ್ತಿರ ಬಂದು, "ಎಲ್ಲಿ ತಪ್ಪಾಗಿದೆ ಮೇಷ್ಟ್ರೇ?" ಎಂದು ಕೇಳಿದಳು.

"ತಪ್ಪೇನಿಲ್ಲ."

ಅವಳು ಹೋಗಲಿಲ್ಲ. ನಾನು ಮುಂದೇನಾದರೂ ಹೇಳುತ್ತೇನೆಂದು ಕಾಯುತ್ತಿದ್ದಳೋ ಏನೋ. ನಾನು ನಿಬ್ ಒರೆಸತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತಿ ನೋಡಿದಾಗ ಇರಲಿಲ್ಲ.

ಸಂಜೆ ಎಲ್ಲ ಹಾಳೆಗಳನ್ನೂ ಪಕ್ಷದ ಹೊಸ ಕಚೇರಿಗೆ ಒಯ್ದೆ. ಅತಿ ಚೆಂದದ್ದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಬೇಕೆಂದು ಕ್ಯಾಪ್ಟನ್ ಹೇಳಿದ್ದರು. ಊದಿಕೊಂಡದ್ದನ್ನು ಗೋಡೆಗೆ ಹಾಕಲು ನನ್ನ ಕೈ ಬರಲಿಲ್ಲ. ಬರಹ ಎಂದರೆ ಬರಹ. ಅಂಚಿನಲ್ಲಿ ಹೆಸರಿದ್ದ ಪಟ್ಟಿಯನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿ, ಉಳಿದದ್ದನ್ನು ಮೇಜಿನ ಮೇಲಿಟ್ಟೆ.

ಕ್ಯಾಪ್ಟನ್ ಅದನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಬುಗಾರನನ್ನು ಕರೆದು ತೋರಿಸಿದರು.

"ನೋಡ್ರೀ, ಶುದ್ಧ ರಕ್ತದ ಕೈ ಅಂದ್ರೆ ಇದು. ಕಲಿಸಿದ್ರೆ ಬರೋದಲ್ಲ. ಸಾವಿರ ವರ್ಷದ್ದು ಇಲ್ಲಿದೆ. ಅಲ್ವೇನ್ರೀ ಸಿಲ್ವಾಶಿಯವರೇ?"

ಹೌದು ಎಂದೆ. ಮೊಳೆ ಹೊಡೆಯಲು ಸ್ಟೂಲು ಹಿಡಿದುಕೊಂಡವನೂ ನಾನೇ.